ಬಿಚ್ಚದ ಹಾಗೆ ಬಿಚ್ಚಿದ ಪೆಟ್ಟಿಗೆ

ಅಂಟಿಸಿದ ಸೀಲನ್ನು ಯಾರಿಗೂ ತಿಳಿಯದ ಹಾಗೆ ಬಿಡಿಸಿ, ಮತ್ತೆ ಯಾರಿಗೂ ತಿಳಿಯದ ಹಾಗೆ ಅಂಟಿಸುವುದು ನನಗೆ ಬರುತ್ತದೆ. ಗುಂಡ್ಲುಪೇಟೆಯಲ್ಲಿ ಇನ್ವರ್ಟರ್, ಸ್ಟೆಬಿಲೈಸರ್, ಸೋಲಾರ್ ಪಂಪಿನ ಪೆಟ್ಟಿಗೆ ರಿಪೇರಿ ಮಾಡುವವರಲ್ಲಿ ಹೆಚ್ಚಿನವರಿಗೆ ಅದು ಬರುತ್ತದೆ. ಪೆಟ್ಟಿಗೆಯ ಮುಚ್ಚಳ ಕೂಡುವ ಕಡೆ, ಒಂದು ಸ್ಕ್ರೂ ತಲೆಯ ಮೇಲೆ, ಕಂಪನಿಯವರು ಬೆಳ್ಳಿ ಬಣ್ಣದ ಸ್ಟಿಕರ್ ಹಚ್ಚಿರುತ್ತಾರೆ. ಅದು ಹರಿದರೆ ವಾರಂಟಿ ಹೋಯಿತು. ಬಿಸಿಗಾಳಿಯ ಗನ್ನನ್ನು ಗೇಣು ದೂರದಲ್ಲಿ ಹಿಡಿದು, ಅಂಟು ಮೆತ್ತಗಾಗುವ ತನಕ ಕಾದು, ಬ್ಲೇಡನ್ನು ಮಲಗಿಸಿ ತಳ್ಳಿದರೆ ಸ್ಟಿಕರ್ ಕಾವಲಿಯಿಂದ ದೋಸೆ ಎದ್ದ ಹಾಗೆ ಏಳುತ್ತದೆ. ಅವಸರ ಮಾಡಿದರೆ ಬೆಳ್ಳಿ ಸಿಪ್ಪೆ ಸುಲಿದು ಕೆಳಗಿನ ಬಿಳಿ ಕಾಣುತ್ತದೆ. ನಾವು ಇದನ್ನು ಎಬ್ಬಿಸೋದು ಅನ್ನುತ್ತೇವೆ. "ಬಿಚ್ದಾ, ಎಬ್ಬಿಸ್ದಾ?" ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ಬಿಚ್ಚುವುದು ದಡ್ಡರ ಕೆಲಸ.

ಇದನ್ನು ನಾವು ಮೋಸ ಎಂದುಕೊಂಡಿರಲಿಲ್ಲ. ಕೆಟ್ಟ ಪೆಟ್ಟಿಗೆಯನ್ನು ಸೀಲ್ ಸಮೇತ ಮೈಸೂರಿನ ಡೀಲರಿಗೆ ಕಳಿಸಬೇಕು, ಅಲ್ಲಿಂದ ಅದು ಎಲ್ಲಿಗೋ ಹೋಗಬೇಕು, ವಾಪಸ್ ಬರಬೇಕು. ಅಷ್ಟು ದಿನ ಚೆಂಡುಹೂವಿನ ಗಿಡ ಯಾರ ಮುಖ ನೋಡಿಕೊಂಡು ನಿಂತಿರುತ್ತದೆ? ಒಳಗೆ ಕೆಟ್ಟಿರುವುದು ಬೆರಳಿನಷ್ಟು ದಪ್ಪದ ಒಂದು ಕಂಡೆನ್ಸರು. ಅದನ್ನು ಬದಲಿಸಿ ಸಂಜೆಯೊಳಗೆ ನೀರು ಬಿಡಿಸಿದರೆ ತೋಟದವರು ಬಾಯಿ ತುಂಬ ಹರಸಿ ಹೋಗುತ್ತಾರೆ. ಸೀಲ್ ಹಾಗೇ ಇರುತ್ತದೆ. ಯಾರಿಗೆ ನಷ್ಟ?

ನಷ್ಟ ನನ್ನ ತಂಗಿಗೆ ಆಯಿತು. ಅವಳ ಓದಿಗೆ ಆಯಿತು ಎಂದರೆ ಅರ್ಧ ಹೇಳಿದ ಹಾಗೆ. ತನ್ನ ಕಣ್ಣು, ತನ್ನ ಕೈ, ತಾನು ಅಳೆದ ಅಳತೆ ಸರಿ ಎಂದು ಅವಳಿಗೆ ಇದ್ದ ನಂಬಿಕೆಯನ್ನು ನಾನು ಕೆಡಿಸಿದೆ. ಅದೂ ಗೊತ್ತಿದ್ದೇ ಕೆಡಿಸಿದೆ.

ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವನು. ಯಾರೂ ಬಿಡಿಸಲಿಲ್ಲ, ನನಗೇ ಬೇಡವಾಗಿತ್ತು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ರೇಡಿಯೋ ರಿಪೇರಿ ಅಂಗಡಿಯಿದ್ದ ಸಾಹೇಬರೊಬ್ಬರ ಹತ್ತಿರ ಕೆಲಸ ಕಲಿತೆ; ಅವರು ಕಣ್ಣು ಮಂಜಾಗಿ ಅಂಗಡಿ ಬಿಟ್ಟಾಗ ಅದೇ ಮಳಿಗೆಯನ್ನು ನಾನು ಹಿಡಿದೆ. ನಮ್ಮ ಮನೆ ಇರುವುದು ಹಂಗಳದ ಕಡೆ. ತಂಗಿ ನನಗಿಂತ ಬಹಳ ಚಿಕ್ಕವಳು. ಶಾಲೆ ಮುಗಿಸಿಕೊಂಡು ನೇರ ಅಂಗಡಿಗೆ ಬಂದು, ನಾನು ಬಾಗಿಲು ಹಾಕುವವರೆಗೆ ಸ್ಟೂಲಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ಬೆಸುಗೆ ಹಾಕುವುದನ್ನು ಅವಳಿಗೆ ಕಲಿಸಿದವನು ನಾನು. ನನ್ನದೊಂದು ಚಾಳಿಯಿದೆ: ಬೆಸುಗೆಗೆ ಮುಂಚೆ ಬಿಡಿಭಾಗದ ಎರಡು ತಂತಿ ಕಾಲನ್ನೂ ಎಡಕ್ಕೆ ಮಲಗಿಸುತ್ತೇನೆ. ಸಾಹೇಬರು ಎಡಗೈಯವರು, ಅವರಿಂದ ನನಗೆ ಬಂತು. ನನ್ನಿಂದ ಅವಳಿಗೆ ಹೋಯಿತು. ಕಾಲೇಜಿನಲ್ಲಿ ಎಲ್ಲರೂ ನಗುತ್ತಾರೆ ಎಂದು ಹೇಳುತ್ತಿದ್ದಳು, ಆದರೂ ಬಿಡಲಿಲ್ಲ.

ಅವಳು ಚಾಮರಾಜನಗರದ ಕಾಲೇಜಿನಲ್ಲಿ ಎಂ.ಟೆಕ್. ಓದುವಾಗ ತೆಗೆದುಕೊಂಡ ವಿಷಯವೂ ಪೆಟ್ಟಿಗೆಗಳದೇ. ಒಂದು ಭಾನುವಾರ ಊರಿಗೆ ಬಂದಿದ್ದಾಗ ಅವ್ವ ಅವರೆಕಾಯಿ ಸುಲಿಯುತ್ತ ಕೇಳಿದಳು.

"ಏನಮ್ಮಿ ಓದೀಯೆ ಅಲ್ಲಿ? ಇವ್ನಂಗೆ ಡಬ್ಬ ಬಿಚ್ಚೋದೇನಾ?"

"ಇಲ್ಲ ಕಣವ್ವ. ಅಣ್ಣ ಬಿಚ್ತಾನೆ. ನಾನು ಬಿಚ್ಚಂಗೇ ಇಲ್ಲ. ಬರೀ ಮಾತಾಡಿಸ್ಬೇಕು."

"ಡಬ್ಬವ?"

"ಊಂ. ದೊಡ್ಡವ್ವ ಆಸ್ಪತ್ರೇಲಿದ್ದಾಗ ನೀನು ಓಗಿ ಮಾತಾಡಿಸ್ಕಂಡು ಬಂದ್ಯಲ್ಲ, ಅವ್ಳ ಒಟ್ಟೆ ಕುಯ್ದು ನೋಡ್ದಾ? ಎಂಗಿದ್ದೀಯಕ್ಕ ಅಂದೆ. ಅವ್ಳು ಉತ್ರ ಕೊಟ್ಟ ರೀತೀಲೇ ನಿಂಗೆ ಗೊತ್ತಾಗ್ನಿಲ್ವಾ? ಅಂಗೇಯ."

"ಅದೇನಂತದಮ್ಮಿ ಡಬ್ಬ?"

"ಕೆಲ್ಸ ಜಾಸ್ತಿ ಕೊಟ್ರೆ ಮೊದ್ಲು ಕುಸೀತದ. ಆಮೇಲೆ ಒಸಿ ಎಗರಾಡ್ತದ. ಆಮೇಲೆ ಸುಮ್ಗಾಯ್ತದ."

"ನಿಮ್ಮಪ್ಪನ ತರ ಅನ್ನು."

ಜಗಲಿಯಲ್ಲಿ ಕೂತಿದ್ದ ಅಪ್ಪ ಒಳಗಿನವರಿಗೆ ಕೇಳುವ ಹಾಗೆ ಕೆಮ್ಮಿದರು. ನಾವು ಮೂವರೂ ನಕ್ಕೆವು.

ಅವಳು ಮಾಡುತ್ತಿದ್ದ ಕೆಲಸವನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಪ್ಯಾನಲ್ಲಿನಿಂದ ಬರುವ ಕರೆಂಟು ಮೋಡ ಬಂದರೆ ಇಳಿಯುತ್ತದೆ, ಬಿಸಿಲು ಬಂದರೆ ಏರುತ್ತದೆ. ಪೆಟ್ಟಿಗೆ ಅದನ್ನು ಒಂದೇ ಮಟ್ಟಕ್ಕೆ ತಂದು ಮೋಟರಿಗೆ ಕೊಡುತ್ತದೆ. ಅವಳು ಇದನ್ನು ಕನ್ವರ್ಟರ್ ಅನ್ನುತ್ತಿದ್ದಳು. ಒಳಗೆ ಹೇಗೆ ಜೋಡಿಸಿದ್ದಾರೆ ಎಂಬ ನಕ್ಷೆಯನ್ನು ಯಾವ ಕಂಪನಿಯೂ ಕೊಡುವುದಿಲ್ಲ. ಆದರೆ ಬೇರೆ ಬೇರೆ ಕಂಪನಿಯ ಪೆಟ್ಟಿಗೆಗಳನ್ನು ಒಂದೇ ತಂತಿಗೆ ಸೇರಿಸಿದಾಗ ಕೆಲವು ಸಲ ಒಂದು ಇನ್ನೊಂದನ್ನು ಕಾಡಿಸಿ ಎಲ್ಲವೂ ನಿಂತುಹೋಗುತ್ತವೆ. ಹಾಗಾಗುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯಬೇಕಾದರೆ ಪ್ರತಿ ಪೆಟ್ಟಿಗೆಯ ಸ್ವಭಾವ ಗೊತ್ತಿರಬೇಕು. ಅದಕ್ಕೆ ಅವಳು ಪೆಟ್ಟಿಗೆಗೆ ಮೋಟರಿನ ಬದಲು ಹೀಟರ್ ಕಾಯಿಲ್ ಹಾಕಿ, ಇದ್ದಕ್ಕಿದ್ದ ಹಾಗೆ ಇನ್ನೊಂದು ಕಾಯಿಲ್ ಸೇರಿಸುತ್ತಿದ್ದಳು. ವೋಲ್ಟೇಜ್ ಕುಸಿದು, ತೂಗಾಡಿ, ಮತ್ತೆ ನೆಟ್ಟಗಾಗುತ್ತದೆ. ರೆಪ್ಪೆ ಬಡಿಯುವುದರೊಳಗೆ ಅದೆಲ್ಲ ಮುಗಿದಿರುತ್ತದೆ, ಆದರೆ ಸ್ಕೋಪ್ ಎಂಬ ಯಂತ್ರ ಅದನ್ನು ಗೆರೆಯಾಗಿ ಬರೆದು ನಿಲ್ಲಿಸುತ್ತದೆ. ಎಷ್ಟು ಆಳ ಕುಸಿಯಿತು, ಎಷ್ಟು ಹೊತ್ತು ತೂಗಾಡಿತು ಎಂಬುದರಿಂದ ಅವಳು ಒಂದು ಲೆಕ್ಕ ಕಟ್ಟುತ್ತಿದ್ದಳು. ಆ ಲೆಕ್ಕವೇ ಅವಳ ಮಾಡೆಲ್. ಬೇರೆ ಲೋಡ್ ಹಾಕಿದರೆ ಪೆಟ್ಟಿಗೆ ಹೇಗೆ ನಡೆದುಕೊಳ್ಳುತ್ತದೆ ಎಂದು ಅದು ಮುಂಚೆಯೇ ಒಂದು ಗೆರೆ ಎಳೆದು ತೋರಿಸಬೇಕು. ಆಮೇಲೆ ನಿಜವಾಗಿ ಅಳೆದ ಗೆರೆಯನ್ನು ಅದರ ಮೇಲಿಟ್ಟರೆ ಎರಡೂ ಒಂದಾಗಿ ಕೂರಬೇಕು.

ಕಾಲೇಜಿನಲ್ಲಿದ್ದ ಪೆಟ್ಟಿಗೆಯ ಮೇಲೆ ಅವಳ ಗೆರೆ ಕೂದಲಷ್ಟೂ ಜರುಗದೆ ಕೂತಿತ್ತು. ಒಂದು ಪೆಟ್ಟಿಗೆಯಿಂದ ಕಟ್ಟಿದ ಲೆಕ್ಕ ಅದೇ ಕಂಪನಿಯ, ಅದೇ ನಂಬರಿನ ಇನ್ನೊಂದು ಪೆಟ್ಟಿಗೆಗೂ ಹೊಂದುತ್ತದೆ ಎಂದು ತೋರಿಸಿದರೆ ಕೆಲಸ ಪೂರ್ತಿಯಾಗುತ್ತದೆ, ಅದನ್ನು ಸಂಶೋಧನೆಯ ಪತ್ರಿಕೆಗೆ ಕಳಿಸೋಣ ಎಂದು ಅವಳ ಕೆಲಸ ನೋಡಿಕೊಳ್ಳುತ್ತಿದ್ದ ಮೇಡಂ ಹೇಳಿದ್ದರು. ಮುಂದಕ್ಕೆ ತಮ್ಮ ಹತ್ತಿರವೇ ಸಂಶೋಧನೆ ಮಾಡಲು ಸೇರಿಸಿಕೊಳ್ಳುವ ಮಾತನ್ನೂ ಆಡಿದ್ದರು.

"ಅದೇ ಕಂಪ್ನಿದು, ಅದೇ ನಂಬ್ರದ್ದು ಇನ್ನೊಂದು ಬೇಕು ಅಣ್ಣ," ಎಂದು ತಂಗಿ ಫೋನ್ ಮಾಡಿದಳು. "ಆದ್ರೆ ಯಾರೂ ಕೈ ಆಕಿರ್ಬಾರ್ದು. ಸೀಲ್ ಇರ್ಬೇಕು."

"ಅದ ಕಣಮ್ಮಿ, ನನ್ ಅತ್ರನೇ ಅದ," ಎಂದೆ.

ಇತ್ತು. ಹಂಗಳದ ಹೂವಿನ ತೋಟದವರದು. ಅವರು ದೊಡ್ಡ ಪಂಪ್ ಹಾಕಿಸಿಕೊಂಡ ಮೇಲೆ ಹಳೆಯದನ್ನು ನನ್ನಲ್ಲೇ ಬಿಟ್ಟಿದ್ದರು. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಅದರ ಸೀಲ್ ಎಬ್ಬಿಸಿ, ಉಬ್ಬಿಹೋಗಿದ್ದ ಕಂಡೆನ್ಸರ್ ತೆಗೆದು, ಹಳೆಯ ಯು.ಪಿ.ಎಸ್. ಒಂದರಿಂದ ಕಿತ್ತಿಟ್ಟಿದ್ದ ಕಂಡೆನ್ಸರ್ ಹಾಕಿದ್ದೆ. ಇರಬೇಕಾದ್ದರ ಅರ್ಧದ್ದು. ಆ ಹೊತ್ತಿಗೆ ಕೈಗೆ ಸಿಕ್ಕಿದ್ದು ಅದೇ. ಮೋಟರ್ ತಿರುಗಿತು, ನೀರು ಬಂತು.

ಫೋನ್ ಇಟ್ಟಾಗ ನನಗೆ ಇದು ಮರೆತುಹೋಗಿತ್ತು ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ. ಮೋಟರಿಗೇ ಗೊತ್ತಾಗದ್ದು ಕಾಲೇಜಿನ ಮಿಷನ್ನಿಗೆ ಏನು ಗೊತ್ತಾಗುತ್ತದೆ ಎಂದುಕೊಂಡೆ. ತಂಗಿ ಕೇಳಿದ್ದು ನನ್ನ ಅಂಗಡಿಯಲ್ಲಿದೆ ಎನ್ನುವ ಸಂತೋಷ ಬೇರೆ.

ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋದೆ. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. "ಹಾಕ್ಕೊಂಡೇ ಬಾ ಅಣ್ಣ" ಎಂದು ತಂಗಿ ಮೆಲ್ಲಗೆ ಹೇಳಿದಳು. ನಾನು ಬರಿಗಾಲಲ್ಲೇ ಹೋದೆ. ಮೇಡಂ ಎದ್ದು ನಿಂತು ನಮಸ್ಕಾರ ಮಾಡಿದರು. ನನಗೆ ಹಾಗೆ ಎದ್ದು ನಿಂತು ನಮಸ್ಕಾರ ಮಾಡಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

"ಇವಳಿಗೆ ಸೋಲ್ಡರಿಂಗ್ ಕಲಿಸಿದ್ದು ನೀವೇ ಅಂತೆ. ನಮ್ಮ ಲ್ಯಾಬಲ್ಲಿ ಇವಳಷ್ಟು ಚೆನ್ನಾಗಿ ಯಾರೂ ಮಾಡಲ್ಲ," ಎಂದರು. ಆಮೇಲೆ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು. "ಇದನ್ನ ಯಾವಾಗಾದ್ರೂ ಓಪನ್ ಮಾಡಿದ್ದೀರಾ?"

ಮಾಡಿದ್ದೇನೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇನ್ನೊಂದು ಪೆಟ್ಟಿಗೆ ಹುಡುಕಿದರಾಯಿತು. ಆದರೆ ಇದೀಗ ನಮಸ್ಕಾರ ಮಾಡಿದ್ದ ಹೆಂಗಸಿನ ಮುಂದೆ, ತಂಗಿಯ ಎದುರಿಗೆ, ಸೀಲ್ ಎಬ್ಬಿಸುವವನು ಎನ್ನಿಸಿಕೊಳ್ಳಲು ನನಗೆ ಆಗಲಿಲ್ಲ.

"ಇಲ್ಲ ಮೇಡಂ. ನಮ್ಮ ಅಂಗ್ಡೀಲಿ ಅಂಗೆಲ್ಲ ಬಿಚ್ಚಲ್ಲ," ಎಂದೆ.

ತಂಗಿ ಸೀಲಿನ ಮೇಲೆ ಬೆರಳಾಡಿಸಿ, "ನೋಡಿ ಮ್ಯಾಮ್, ನಮ್ಮಣ್ಣ ಅಂದ್ರೆ ಅಣ್ಣ," ಎಂದಳು.

ಆಮೇಲಿನ ಭಾನುವಾರ ಅವಳು ಮನೆಗೆ ಬಂದಾಗ ಊಟಕ್ಕೂ ಏಳದೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ನನ್ನನ್ನು ಕರೆದು ತೋರಿಸಿದಳು. ಒಂದು ನೀಲಿ ಗೆರೆ, ಒಂದು ಕೆಂಪು ಗೆರೆ. ನೀಲಿಯದು ಲೆಕ್ಕ ಹೇಳಿದ್ದು, ಕೆಂಪಿನದು ನನ್ನ ಪೆಟ್ಟಿಗೆ ಹೇಳಿದ್ದು. ನೀಲಿ ಗೆರೆ ಒಂದು ಸಣ್ಣ ಹಳ್ಳಕ್ಕೆ ಇಳಿದು ಎದ್ದು ಬಂದಿತ್ತು. ಕೆಂಪಿನದು ಬಾವಿಗೆ ಬಿದ್ದ ಹಾಗೆ ಬಿದ್ದು, ಎದ್ದು, ಮತ್ತೆ ಮತ್ತೆ ತೂಗಾಡಿ ನಿಂತಿತ್ತು.

"ಇದ್ರಲ್ಲೇನಾರ ಗೊತ್ತಾಯ್ತದ ಅಣ್ಣ ನಿಂಗೆ?"

"ನಂಗೇನ್ ಗೊತ್ತಾದದು?"

"ನಂಗೆ ಇದ ನೋಡುದ್ರೆ ಏನನ್ನಿಸ್ತದ ಗೊತ್ತಾ? ಕೆಪಾಸಿಟರ್, ಅದೇ ನೀನು ಕಂಡೆನ್ಸರ್ ಅಂತೀಯಲ್ಲ, ಅದು ತೊಟ್ಟಿ ಇದ್ದಂಗೆ. ತೊಟ್ಟಿ ದೊಡ್ಡದಿದ್ರೆ ನಲ್ಲಿ ಗಬಕ್ಕನೆ ಬುಟ್ರೂ ನೀರು ಒಸಿ ಇಳೀತದ ಅಷ್ಟೆ. ಚಿಕ್ಕದಿದ್ರೆ ತಳ ಕಾಣ್ತದ. ಲೆಕ್ಕ ಆಕಿ ನೋಡ್ದೆ. ಈ ಡಬ್ಬದೊಳಗೆ ತೊಟ್ಟಿ ಅರ್ಧ ಅದ."

ಅರ್ಧ. ಮುಚ್ಚಳ ತೆಗೆಯದೆ, ಬರೀ ಒಂದು ಗೆರೆ ನೋಡಿ, ನಾನು ಹಾಕಿದ್ದು ಅರ್ಧದ್ದು ಎಂದು ಅವಳು ಹೇಳಿದಳು. ಸಿಕ್ಕಿಬಿದ್ದೆ ಅನ್ನಿಸಿತು. ಅದರ ಜೊತೆಯಲ್ಲೇ ಇವಳು ನನ್ನ ತಂಗಿ ಎಂಬ ಹೆಮ್ಮೆಯೂ ಬಂತು. ಆ ಹೆಮ್ಮೆಗಾದರೂ ನಾನು ಬಾಯಿ ಬಿಡಬೇಕಾಗಿತ್ತು.

ಅವಳು ನನ್ನ ಮುಖ ನೋಡುತ್ತಿದ್ದಳು. "ಬಿಚ್ಚಿರಲಿಲ್ಲ ಅಲ್ವಾ ಅಣ್ಣ?"

"ಇಲ್ಲ ಕಣಮ್ಮಿ," ಎಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. "ಕಂಪ್ನಿಯೋರು ಒಂದ್ರಲ್ಲಿ ಒಂದು, ಇನ್ನೊಂದ್ರಲ್ಲಿ ಅರ್ಧ ಅಂತ ಆಕ್ತಾರಾ? ನೀನೇ ಎಲ್ಲೋ ವೈರ್ ಲೂಸ್ ಬುಟ್ಟಿದ್ದೀಯ. ಸರ್ಯಾಗಿ ನೋಡು."

ಅಂಗಡಿಯಲ್ಲಿ ಅವಳು ಚಿಕ್ಕವಳಿದ್ದಾಗ ಇದನ್ನೇ ಹೇಳಿಕೊಟ್ಟಿದ್ದೆ: ಏನಾದರೂ ವಿಚಿತ್ರ ಕಂಡರೆ ಮೊದಲು ನಿನ್ನ ವೈರ್ ನೋಡಿಕೋ. ಒಳ್ಳೆಯ ಪಾಠ ಅದು. ಅದೇ ಪಾಠವನ್ನು ಅವಳ ಬಾಯಿ ಮುಚ್ಚಿಸಲು ಬಳಸಿದೆ.

ಅವಳು ಲ್ಯಾಪ್‌ಟಾಪ್ ಮುಚ್ಚಿ, "ಇರ್ಬೌದು," ಎಂದಳು.

ವಾಪಸ್ ಹೋಗಿ ವೈರೆಲ್ಲ ಬದಲಿಸಿದಳಂತೆ. ಬೇರೆ ಸ್ಕೋಪ್ ಕೇಳಿ ತಂದಳಂತೆ. ಕಾಯಿಲ್ ಬದಲಿಸಿದಳು, ಸ್ವಿಚ್ ಬದಲಿಸಿದಳು. ಪ್ರತಿ ಸಲವೂ ಪೆಟ್ಟಿಗೆ ಅದೇ ಉತ್ತರ ಕೊಟ್ಟಿತು. ನನ್ನಂತೆ ಅದು ಮಾತು ಬದಲಿಸಲಿಲ್ಲ. ಫೋನಿನಲ್ಲಿ ಅವಳ ದನಿ ದಿನದಿಂದ ದಿನಕ್ಕೆ ಸಣ್ಣದಾಗುತ್ತ ಬಂತು. ನಾನು ಪ್ರತಿ ಸಲ "ಅರ್ತಿಂಗ್ ನೋಡ್ದಾ? ಪ್ರೋಬ್ ನೋಡ್ದಾ?" ಎಂದು ಏನಾದರೊಂದು ಹೇಳುತ್ತಿದ್ದೆ. ಅವಳಿಗೆ ಸಹಾಯ ಮಾಡುತ್ತಿದ್ದೇನೆ ಎಂದು ಎದುರಿಗಿದ್ದ ಗಿರಾಕಿಗಳು ಅಂದುಕೊಳ್ಳುತ್ತಿದ್ದರು. ಒಬ್ಬರು, "ಮನೇಲಿ ಒಬ್ರು ಇಂಗೆ ತಿಳ್ದೋರಿದ್ರೆ ಮಕ್ಳು ಮುಂದುಕ್ ಬತ್ತವೆ," ಎಂದರು.

ಕೊನೆಗೆ ಪರೀಕ್ಷೆ ಮಾಡುವವರ ಮುಂದೆ ಕೆಲಸ ತೋರಿಸುವ ದಿನ ಅವಳು ಎರಡನೆಯ ಪೆಟ್ಟಿಗೆಯನ್ನು ಬಿಟ್ಟುಬಿಟ್ಟಳು. ಆ ಅಳತೆಗಳು ತನ್ನ ಕೈತಪ್ಪಿನಿಂದ ಬಂದವು, ನಂಬುವಂತಿಲ್ಲ ಎಂದು ವರದಿಯಲ್ಲಿ ತಾನೇ ಬರೆದಿದ್ದಳು. ಕೂತಿದ್ದವರಲ್ಲಿ ಒಬ್ಬರು, ಎರಡನೆಯದರಲ್ಲಿ ಕೈ ತಪ್ಪಿದ್ದರೆ ಮೊದಲನೆಯದರಲ್ಲಿ ತಪ್ಪಿಲ್ಲ ಎಂದು ಹೇಗೆ ಹೇಳುತ್ತೀ ಎಂದು ಕೇಳಿದರಂತೆ. ನ್ಯಾಯವಾದ ಪ್ರಶ್ನೆ. ಪಾಸೇನೋ ಆದಳು. ಪತ್ರಿಕೆಗೆ ಕಳಿಸುವ ಮಾತು ಅಲ್ಲಿಗೇ ನಿಂತಿತು. ಮೇಡಂ ಸಂಶೋಧನೆಗೆ ಬಾ ಎಂದಾಗ ಬೇಡ ಎಂದಳು. ಚಾಮರಾಜನಗರದಲ್ಲೇ ಒಂದು ಕಡೆ ಪಿ.ಯು. ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಸೇರಿದಳು.

"ಲೆಕ್ಕ ಆದ್ರೆ ಪುಸ್ತಕದಲ್ಲಿ ಉತ್ರ ಇರ್ತದ ಅಣ್ಣ. ಅಳಿಯೋ ಕೆಲ್ಸ ನನ್ ಕೈಗೆ ಅತ್ತಲ್ಲ," ಎಂದಳು.

ಆ ಪೆಟ್ಟಿಗೆಯನ್ನು ಒರೆಸಿ, ಅದೇ ಟವೆಲಿನಲ್ಲಿ ಸುತ್ತಿ ನನಗೆ ತಂದುಕೊಟ್ಟಳು. ಅಂಗಡಿಯ ಕಪಾಟಿನಲ್ಲಿಟ್ಟೆ. ಮಾರಲಿಲ್ಲ, ಬಿಚ್ಚಲೂ ಇಲ್ಲ. ಎಷ್ಟೋ ಸಲ ಅದರ ಮುಂದೆ ಬೇರೆ ಸಾಮಾನು ಇಟ್ಟು ಮರೆ ಮಾಡಿದೆ. ಆ ಸಾಮಾನು ಯಾರಿಗೋ ಬೇಕಾಗಿ ತೆಗೆದಾಗ ಮತ್ತೆ ಕಾಣಿಸಿಕೊಳ್ಳುತ್ತಿತ್ತು.

ನನ್ನ ನೆಮ್ಮದಿ ಹೋಯಿತು ಎಂದು ಬರೆದರೆ ದೊಡ್ಡಸ್ತಿಕೆಯಾಗುತ್ತದೆ. ಉಂಡೆ, ಮಲಗಿದೆ, ಅಂಗಡಿ ನಡೆಸಿದೆ. ಎಬ್ಬಿಸುವ ಕೆಲಸವನ್ನೂ ಮಾಡಿದೆ. ಆದರೆ ತಂಗಿ ಬಂದಾಗ ಕೆಲವು ಸಣ್ಣ ವಿಷಯಗಳು ಕಣ್ಣಿಗೆ ಬೀಳುತ್ತಿದ್ದವು. ಮುಂಚೆ ಸಾರಿನ ರುಚಿ ನೋಡಿ "ಉಪ್ಪು ಕಮ್ಮಿ" ಎಂದು ಖಡಾಖಂಡಿತವಾಗಿ ಹೇಳುತ್ತಿದ್ದವಳು ಈಗ "ಕಮ್ಮಿ ಅನ್ಸ್ತದ, ನೀನೊಂದ್ಸಾರಿ ನೋಡವ್ವ" ಎನ್ನುತ್ತಿದ್ದಳು. ಬೀಗ ಹಾಕಿ ಹೊರಟವಳು ಬಸ್ ಸ್ಟಾಪಿನಿಂದ ವಾಪಸ್ ಬಂದು ಬೀಗ ಎಳೆದು ನೋಡುತ್ತಿದ್ದಳು. "ಇವ್ಳಿಗೇನಾಗದ್ಲಾ?" ಎಂದು ಅವ್ವ ನನ್ನನ್ನು ಕೇಳಿದಳು. ನನಗೇನು ಗೊತ್ತು ಎಂದೆ.

ಹೋದ ವರ್ಷ ಮೇಡಂ ಅವಳನ್ನು ಮತ್ತೆ ಕರೆದರು. ಒಂದು ಜಾಗ ಖಾಲಿಯಿದೆ, ಅದೇ ಕೆಲಸ ಮುಂದುವರಿಸು, ಯೋಚನೆ ಮಾಡಿ ತಿಂಗಳೊಳಗೆ ಹೇಳು ಎಂದರಂತೆ. ತಂಗಿ ಇದನ್ನು ನನಗೆ ಫೋನಿನಲ್ಲಿ ಹೇಳಿದ್ದು, ಬಸ್ ತಡವಾಯಿತು ಎನ್ನುವ ಹಾಗೆ.

"ಓಗಲ್ವಾ?" ಎಂದೆ.

"ಯಾಕ್ ಸುಮ್ನೆ. ಮತ್ತೆ ಅಳ್ದು ಮತ್ತೆ ತಪ್ಪಾಗಿ ಅವ್ರ ಮರ್ಯಾದೇನೂ ಕಳೀಲಾ? ಆಗಲ್ಲ ಅಂದ್ಬುಡ್ತೀನಿ."

ಅವಳು ಹಾಗೆ ಹೇಳಿಬಿಟ್ಟರೆ ಮೂರನೆಯ ಸಲ ಯಾರೂ ಕರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಮರುದಿನ ಅಂಗಡಿ ತೆಗೆಯಲಿಲ್ಲ. ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ತೆರಕಣಾಂಬಿಯಲ್ಲಿ ಬಸ್ ನಿಂತಾಗ ಇಳಿದು ವಾಪಸ್ ಹೋಗೋಣ ಅನ್ನಿಸಿತು. ಪಕ್ಕದಲ್ಲಿದ್ದ ಅಜ್ಜಿ ನನ್ನ ಕಾಲ ಮೇಲೆ ಬದನೆಕಾಯಿ ಮೂಟೆ ಒರಗಿಸಿದ್ದರಿಂದ ಏಳುವುದಕ್ಕಾಗಲಿಲ್ಲ. ಆ ಮೂಟೆ ಇರದಿದ್ದರೆ ಏನು ಮಾಡುತ್ತಿದ್ದೆನೋ, ಖಂಡಿತವಾಗಿ ಹೇಳಲಾರೆ.

ತಂಗಿ ಕಾಲೇಜಿನಿಂದ ಮಧ್ಯಾಹ್ನದ ಊಟಕ್ಕೆ ಬಾಡಿಗೆ ಮನೆಗೆ ಬಂದಿದ್ದಳು. ನನ್ನನ್ನು ನೋಡಿ, "ಏನಣ್ಣ, ಫೋನೂ ಮಾಡ್ದೆ ಬಂದ್ಬುಟ್ಟೆ? ಅವ್ವ ಚೆನ್ನಾಗವ್ಳಾ?" ಎಂದು ಗಾಬರಿಯಾದಳು. ಚೆನ್ನಾಗಿದ್ದಾಳೆ ಎಂದೆ. ಮುದ್ದೆ ತಟ್ಟೆಗೆ ಹಾಕಿ, ಬಸ್ಸಾರು ಬಿಟ್ಟಳು. ನಾನು ತಟ್ಟೆ ಪಕ್ಕಕ್ಕೆ ಸರಿಸಿ ಚೀಲದಿಂದ ಪೆಟ್ಟಿಗೆ ತೆಗೆದಿಟ್ಟೆ.

"ತಲೆ ಒಣಗಿಸೋ ಮಿಷನ್ ಅದ ಅಲ್ವಾ ನಿನ್ ಅತ್ರ? ತಕ್ಕಬಾ."

"ಯಾಕಣ್ಣ?"

"ತಕ್ಕಬಾ ಅಮ್ಮಿ."

ತಂದಳು. ಗೇಣು ದೂರದಲ್ಲಿ ಹಿಡಿದು ಸೀಲಿಗೆ ಬಿಸಿಗಾಳಿ ಬಿಟ್ಟೆ. ಬ್ಲೇಡ್ ಮಲಗಿಸಿ ತಳ್ಳಿದೆ. ಸೀಲ್ ಇಡಿಯಾಗಿ ಎದ್ದು ಬಂತು, ಅಷ್ಟು ರೂಢಿ. ಅದನ್ನು ಬೆರಳ ತುದಿಯಲ್ಲಿ ಅವಳಿಗೆ ತೋರಿಸಿ, ಮತ್ತೆ ಅದೇ ಜಾಗದಲ್ಲಿ ಒತ್ತಿದೆ. ಅವಳು ಬಗ್ಗಿ ನೋಡಿದಳು. ಅವತ್ತು ಲ್ಯಾಬಿನಲ್ಲಿ ಆಡಿಸಿದ ಹಾಗೆಯೇ ಬೆರಳಾಡಿಸಿದಳು. ಏನೂ ಗೊತ್ತಾಗುವುದಿಲ್ಲ, ನನಗೆ ಗೊತ್ತು.

ಆಮೇಲೆ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದು ಪೆಟ್ಟಿಗೆಯನ್ನು ಅವಳ ಕಡೆ ತಿರುಗಿಸಿದೆ. ಬೇರೆ ಬಣ್ಣದ ಕಂಡೆನ್ಸರು ಎದ್ದು ಕಾಣುತ್ತಿತ್ತು. ಅವಳು ಅದನ್ನು ನೋಡಲಿಲ್ಲ. ಒಳಗಿನ ಬೋರ್ಡನ್ನು ಎತ್ತಿ ಮಗುಚಿ ಅದರ ಬೆಸುಗೆ ನೋಡಿದಳು. ಎರಡು ಕಾಲೂ ಎಡಕ್ಕೆ ಮಲಗಿದ್ದವು.

"ನಿಂದು," ಎಂದಳು.

"ನಂದೇ. ನಿಂಗೆ ಕೊಡೋದ್ಕೂ ಮುಂಚೇನೆ ಬಿಚ್ಚಿದ್ದೆ ಕಣಮ್ಮಿ. ಮೇಡಮ್ಮೋರ್ ಮುಂದೆ ಸುಳ್ಳೇಳ್ದೆ. ನಿನ್ ಮುಂದೇನೂ ಏಳ್ದೆ. ನಿನ್ ಅಳ್ತೆ ಸರ್ಯಾಗಿತ್ತು."

"ಎಷ್ಟರದ್ದು ಇದು?"

"ಅರ್ಧದ್ದು."

ಅವಳು ಬೋರ್ಡನ್ನು ಕೆಳಗಿಟ್ಟಳು. ಅಳುತ್ತಾಳೆ, ಬೈಯುತ್ತಾಳೆ ಎಂದು ಕಾದೆ. ಅವಳು ಲೆಕ್ಕದ ಮೇಷ್ಟರ ಹಾಗೆ ಒಂದೊಂದಾಗಿ ಕೇಳಿದಳು.

"ನಾನು ಅರ್ಧ ಅಂದಾಗ ನೀನು ಎದುರ್ಗೇ ಕೂತಿದ್ದೆ."

"ಕೂತಿದ್ದೆ."

"ವೈರ್ ಲೂಸ್ ಅಂದೆ."

"ಅಂದೆ."

"ಅರ್ತಿಂಗ್ ನೋಡು ಅಂದೆ. ಪ್ರೋಬ್ ನೋಡು ಅಂದೆ."

"ಅಂದೆ ಕಣಮ್ಮಿ."

"ನಂಗೆ ತಲೆ ಕೆಟ್ಟದ ಅಂತ ನಾನೇ ಅನ್ಕಂಡಿದ್ದೆ ಅಣ್ಣ." ಆಮೇಲೆ ತಟ್ಟೆಯನ್ನು ನನ್ನ ಮುಂದಕ್ಕೆ ತಳ್ಳಿ, "ಉಣ್ಣು. ಮುದ್ದೆ ಆರೋಯ್ತದ," ಎಂದು ಒಳಗೆ ಹೋದಳು. ನಾನು ಉಣ್ಣುವವರೆಗೂ ಹೊರಗೆ ಬರಲಿಲ್ಲ. ಉಂಡೆ. ಬಿಟ್ಟಿದ್ದರೆ ಅದೂ ಅವಳ ಮೇಲೆ ಹೊರಿಸಿದ ಹಾಗಾಗುತ್ತಿತ್ತು.

ಹೊರಡುವಾಗ ಪೆಟ್ಟಿಗೆಯನ್ನು ಎತ್ತಿಕೊಳ್ಳಲು ಹೋದೆ. "ಅದು ಇಲ್ಲೇ ಇರ್ಲಿ," ಎಂದಳು.

ಅವಳು ಸಂಶೋಧನೆಗೆ ಸೇರಿದಳು. ಆ ಕೆಂಪು ಗೆರೆಗಳನ್ನೆಲ್ಲ ಅವಳು ಅಳಿಸಿರಲಿಲ್ಲ. ಅವು ಈಗ ಅವಳ ಕೆಲಸದ ಮುಖ್ಯ ಭಾಗವಾಗಿವೆ. ಮುಚ್ಚಳ ತೆಗೆಯದೆ ಒಳಗಿನ ಭಾಗ ಬದಲಾಗಿದೆ ಎಂದು ಪೆಟ್ಟಿಗೆ ಕೊಡುವ ಉತ್ತರದಿಂದಲೇ ಕಂಡುಹಿಡಿಯುವುದು ಹೇಗೆ ಎನ್ನುವುದೇ ಆ ಕೆಲಸ. ಕೇಳಿದವರು, ಒಳ್ಳೆಯದೇ ಆಯಿತಲ್ಲ, ಬಿಡು ಎನ್ನಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಆ ವರ್ಷಗಳಲ್ಲಿ ಅವಳು ಬಸ್ ಸ್ಟಾಪಿನಿಂದ ವಾಪಸ್ ಬಂದು ಬೀಗ ಎಳೆದು ನೋಡಿದ್ದನ್ನು ಯಾವ ಪತ್ರಿಕೆಯೂ ವಾಪಸ್ ಕೊಡುವುದಿಲ್ಲ. ಮೇಡಂ ಹತ್ತಿರ ಅವಳು, ಪೆಟ್ಟಿಗೆಯನ್ನು ಮುಂಚೆ ಯಾರೋ ಬಿಚ್ಚಿದ್ದರಂತೆ, ಅಣ್ಣನಿಗೂ ಗೊತ್ತಿರಲಿಲ್ಲವಂತೆ ಎಂದು ಹೇಳಿದ್ದಾಳೆ. ನನಗಾಗಿ ಆಡಿದ ಆ ಸುಳ್ಳನ್ನು ಅವಳು ನನಗೆ ಹೇಳಲೇ ಇಲ್ಲ. ಮೇಡಮ್ಮೇ ಒಮ್ಮೆ ಊಟಿ ಕಡೆ ಹೋಗುತ್ತ ಅಂಗಡಿ ಮುಂದೆ ಕಾರು ನಿಲ್ಲಿಸಿ, "ನಿಮಗೂ ಯಾರೋ ಮೋಸ ಮಾಡಿದ್ದರಲ್ಲ, ಪಾಪ," ಎಂದರು. ಹೌದು ಮೇಡಂ ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಆ ಮಾತನ್ನು ಅವರಿಗೆ ಹೇಳುವುದು ಇನ್ನೂ ಬಾಕಿಯಿದೆ.

ಈಗ ನಾನು ಸೀಲ್ ಎಬ್ಬಿಸುವುದಿಲ್ಲ. ಬಿಚ್ಚಬೇಕಾದರೆ ಹರಿದೇ ಬಿಚ್ಚುತ್ತೇನೆ, ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಹಾಗೆಂದು ಬರೆಯುತ್ತೇನೆ. ಕೆಲವು ಗಿರಾಕಿಗಳು ಬೇರೆ ಅಂಗಡಿಗೆ ಹೋಗುತ್ತಾರೆ.

ತಂಗಿ ನನ್ನನ್ನು ಮಾತಾಡಿಸುವುದು ಬಿಟ್ಟಿಲ್ಲ. ಹಬ್ಬಕ್ಕೆ ಬರುತ್ತಾಳೆ, ತಮಾಷೆ ಮಾಡುತ್ತಾಳೆ. ಆದರೆ ನಾನು ಹೇಳಿದ್ದನ್ನು ಕೇಳಿ ಒಂದು ಗಳಿಗೆ ಸುಮ್ಮನಾಗುತ್ತಾಳೆ. ಮುಂಚೆ ಆ ಗಳಿಗೆ ಇರಲಿಲ್ಲ.

ಮೊನ್ನೆ ಅವ್ವನಿಗೆ ಮೈಕೈ ನೋವು, ಶೀತ. ತಂಗಿ ಫೋನ್ ಮಾಡಿದಳು.

"ಜ್ವರ ಅದಾ ಅಣ್ಣ?"

"ಇಲ್ಲ ಕಣಮ್ಮಿ. ಮುಟ್ಟಿ ನೋಡ್ದೆ, ಮೈ ತಣ್ಣಗದ."

ಆ ಗಳಿಗೆ ಬಂತು, ಹೋಯಿತು.

"ಥರ್ಮಾಮೀಟರ್ ಇಟ್ಟು ನೋಡ್ದಾ?"

ನೋಡಿರಲಿಲ್ಲ. ಇರು ಎಂದು ಫೋನನ್ನು ಮಂಚದ ಮೇಲಿಟ್ಟು, ಗೂಡಿನಲ್ಲಿದ್ದ ಥರ್ಮಾಮೀಟರ್ ತಂದು ಅವ್ವನ ಕಂಕುಳಲ್ಲಿಟ್ಟೆ.

"ಈಗಿನ್ನ ಮುಟ್ಟಿ ನೋಡ್ದಲ್ಲ, ಸಾಲ್ದಾ?" ಎಂದು ಅವ್ವ ಗೊಣಗಿದಳು.

"ಅವ್ಳಿಗೆ ಸಾಲಲ್ಲ ಕಣವ್ವ."

ಫೋನಿನ ಆ ಕಡೆ ತಂಗಿ ಕಾಯುತ್ತಿದ್ದಳು. ಅವಳ ಲ್ಯಾಬಿನ ಫ್ಯಾನಿನ ಸದ್ದು ಕೇಳುತ್ತಿತ್ತು. ಥರ್ಮಾಮೀಟರ್ ಕೀಂಯ್ ಎಂದಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಸ್ವಲ್ಪ ಜ್ವರ ಇತ್ತು. ನಾನು ಇಲ್ಲ ಎಂದಿದ್ದೆ. ಅದರಲ್ಲಿದ್ದ ಅಂಕಿಯನ್ನು ಚುಕ್ಕಿ ಸಮೇತ ಓದಿ ಹೇಳಿದೆ.

"ಸರಿ ಅಣ್ಣ," ಎಂದಳು. "ಸಾಯಂಕಾಲ ಇನ್ನೊಂದ್ಸಾರಿ ನೋಡಿ ಏಳು."